ಕಸಿಗಾಗಿ ಕಾಯುವ ಮನೆ: ಸುದ್ದಿ ಯಾರು ಹೇಳಬೇಕು?

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಬಂಧುಗಳಿಗೆ ತಿಳಿಸುವುದು ಸುಲಭ. ಎರಡು ದಿನ ಮಲಗಿದ್ದರು, ಮೂರನೆಯ ದಿನ ಎದ್ದು ಕೂತು ಗಂಜಿ ಕುಡಿದರು ಎಂದರೆ ಮುಗಿಯಿತು. ಹೆರಿಗೆಯಾದರೆ ತಿಂಗಳು ಗೊತ್ತಿರುತ್ತದೆ. ಕಣ್ಣಿನ ಪೊರೆ ತೆಗೆಸುವುದಾದರೆ ಆಸ್ಪತ್ರೆಯವರೇ ತಾರೀಕು ಕೊಡುತ್ತಾರೆ. ಆದರೆ ಕಿಡ್ನಿಗೋ ಲಿವರಿಗೋ ಹೃದಯಕ್ಕೋ ಹೆಸರು ಬರೆಸಿ ಕಾಯುತ್ತಿರುವವರ ಮನೆಯಲ್ಲಿ ಹೇಳಲು ತಾರೀಕೇ ಇರುವುದಿಲ್ಲ. ಕೇಳುವವರು ಮಾತ್ರ ದಿನವೂ ಕೇಳುತ್ತಾರೆ: "ಆಪರೇಷನ್ ಯಾವಾಗ?"

ಪಾಂಡವಪುರದ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ನಲವತ್ತೈದರ ಗೃಹಿಣಿ. ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿವೆ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಅಣ್ಣ ಶ್ರೀರಂಗಪಟ್ಟಣದ ಗಂಜಾಂನಲ್ಲಿದ್ದಾರೆ. ಅಕ್ಕ ಕೆ.ಆರ್. ಪೇಟೆಯಲ್ಲಿ, ಮದುವೆಯಾದ ಮಗಳು ನಾಗಮಂಗಲದಲ್ಲಿ, ಮಗ ದೂರದ ದಮ್ಮಾಮ್‌ನಲ್ಲಿ. ಡಯಾಲಿಸಿಸ್ ಮುಗಿಸಿ ಬಂದು ತಲೆ ದಿಂಬಿಗೆ ಇಡುವಷ್ಟರಲ್ಲಿ ಫೋನ್ ಬಡಿದುಕೊಳ್ಳುತ್ತದೆ. ಅಣ್ಣನಿಗೆ ಹೇಳಿದ್ದನ್ನೇ ಅಕ್ಕನಿಗೆ ಹೇಳಬೇಕು, ಅಕ್ಕನಿಗೆ ಹೇಳಿದ್ದನ್ನೇ ಮಗಳಿಗೆ, ಮಗಳ ಅತ್ತೆಗೆ, ನೆರೆಮನೆಯವರಿಗೆ. ಒಬ್ಬರಿಗೆ ಹೇಳಿ ಇನ್ನೊಬ್ಬರನ್ನು ಬಿಟ್ಟರೆ ಬೇಸರ. "ನಮಗೆ ಬೇರೆಯವರಿಂದ ಗೊತ್ತಾಯಿತು" ಎಂಬ ಮಾತು ಬೇರೆ. ಹೀಗೆ ಕಾಯಿಲೆಯ ಭಾರದ ಮೇಲೆ ಸುದ್ದಿ ಹೇಳುವ ಭಾರವೂ ಆ ಹೆಂಗಸಿನ ಎದೆಯ ಮೇಲೆಯೇ ಬೀಳುತ್ತದೆ.

ಸಹೋದರಿಯರೇ, ಈ ತಿಂಗಳು ಹೇಳಬೇಕಾದ ಮಾತು ಇಷ್ಟೇ. ಬಂಧುಗಳಿಗೆ ಸುದ್ದಿ ಮುಟ್ಟಿಸುವುದೂ ಆರೈಕೆಯ ಒಂದು ಕೆಲಸ. ಅದನ್ನು ರೋಗಿಯಿಂದಲೂ ರೋಗಿಯ ಪಕ್ಕದಲ್ಲಿ ಕೂತವರಿಂದಲೂ ತೆಗೆದು ಮನೆಯ ಇನ್ನೊಬ್ಬರು ವಹಿಸಿಕೊಳ್ಳಬೇಕು. ಅದನ್ನು ಹೇಗೆ ಮಾಡುವುದು ಎಂದು ನೋಡೋಣ.

ತಾರೀಕು ಏಕೆ ಇಲ್ಲ?

ಮೊದಲು ಬಂಧುಗಳಿಗೆ ಅರ್ಥ ಮಾಡಿಸಬೇಕಾದದ್ದು ಇದು. ಅಂಗ ಸಿಗುವುದು ಎರಡು ದಾರಿಯಿಂದ. ಒಂದು, ಬದುಕಿರುವ ಹತ್ತಿರದ ಸಂಬಂಧಿಕರು ಒಂದು ಕಿಡ್ನಿಯನ್ನೋ ಲಿವರಿನ ಒಂದು ಭಾಗವನ್ನೋ ಕೊಡುವುದು. ಇನ್ನೊಂದು, ಅಪಘಾತದಿಂದಲೋ ಮೆದುಳಿನ ರಕ್ತಸ್ರಾವದಿಂದಲೋ ಮೆದುಳು ಸಂಪೂರ್ಣ ನಿಷ್ಕ್ರಿಯವಾದವರ ಮನೆಯವರು ಒಪ್ಪಿಗೆ ಕೊಟ್ಟಾಗ ಸಿಗುವುದು. ಈ ಎರಡನೆಯದಕ್ಕೆ ಕರ್ನಾಟಕದಲ್ಲಿ 2007ರಲ್ಲಿ ವಲಯ ಸಮನ್ವಯ ಸಮಿತಿ ಕೆಲಸ ಆರಂಭಿಸಿತು. ಈಗ ಅದರ ಹೆಸರು ಜೀವಸಾರ್ಥಕತೆ. ಕಸಿ ಮಾಡುವ ಆಸ್ಪತ್ರೆಯೇ ರೋಗಿಯ ಹೆಸರನ್ನು ಅಲ್ಲಿ ನೋಂದಾಯಿಸುತ್ತದೆ. ಮಂಡ್ಯ ಜಿಲ್ಲೆಯ ಹೆಚ್ಚಿನ ರೋಗಿಗಳು ಇದಕ್ಕಾಗಿ ಮೈಸೂರಿಗೆ ಅಥವಾ ಬೆಂಗಳೂರಿಗೆ ಹೋಗುತ್ತಾರೆ.

ಈ ಪಟ್ಟಿ ಪಡಿತರ ಅಂಗಡಿಯ ಸಾಲಿನಂತಲ್ಲ. ಮುಂದಿನವರು ಮುಗಿದ ಮೇಲೆ ನಮ್ಮ ಸರದಿ ಎಂದು ಹೇಳಲಾಗದು. ರಕ್ತದ ಗುಂಪು ಹೊಂದಬೇಕು. ಕಿಡ್ನಿಯಾದರೆ ಡಯಾಲಿಸಿಸ್‌ನಲ್ಲಿ ಎಷ್ಟು ಕಾಲ ಕಳೆದಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಲಿವರ್, ಹೃದಯಗಳಲ್ಲಿ ಯಾರ ಸ್ಥಿತಿ ತೀರಾ ಗಂಭೀರ ಎಂಬುದನ್ನು ನೋಡುತ್ತಾರೆ. 'ಓ' ಗುಂಪಿನವರಿಗೆ 'ಓ' ಗುಂಪಿನ ಅಂಗವೇ ಹೊಂದುವುದರಿಂದ ಅವರ ಕಾಯುವಿಕೆ ಸಾಮಾನ್ಯವಾಗಿ ದೀರ್ಘ. ಎಲ್ಲಕ್ಕಿಂತ ಮಿಗಿಲಾಗಿ, ದಾನಿಗಳು ಕಡಿಮೆ. 2023ರಲ್ಲಿ ಇಡೀ ಕರ್ನಾಟಕದಲ್ಲಿ ಮರಣಾನಂತರ ಅಂಗ ನೀಡಿದವರು 178 ಮಂದಿ. ಆ ವರ್ಷ ದೇಶದಲ್ಲಿ ನಮ್ಮ ರಾಜ್ಯಕ್ಕೆ ಎರಡನೆಯ ಸ್ಥಾನ. ಹಾಗಿದ್ದರೂ ಪಟ್ಟಿಯಲ್ಲಿ ಕಾಯುತ್ತಿರುವವರು ಸಾವಿರಾರು.

ಮನೆಯಲ್ಲಿ ವಯಸ್ಸಾದವರು ಇದ್ದರೆ ಇನ್ನೊಂದು ವಿಷಯವೂ ತಿಳಿದಿರಲಿ. 65 ವರ್ಷ ದಾಟಿದವರು ಮೃತ ದಾನಿಯ ಅಂಗಕ್ಕೆ ಹೆಸರು ಬರೆಸುವಂತಿಲ್ಲ ಎಂಬ ನಿಯಮವಿತ್ತು. ಕೇಂದ್ರ ಸರಕಾರ 2023ರಲ್ಲಿ ಅದನ್ನು ತೆಗೆದುಹಾಕಿತು. ಇಂತಹ ರಾಜ್ಯದ ನಿವಾಸಿಯೇ ಆಗಿರಬೇಕೆಂಬ ಶರತ್ತೂ ಬೇಡವೆಂದಿತು. "ಅಮ್ಮಿಗೆ ವಯಸ್ಸಾಯಿತು, ಇನ್ನು ಯಾರು ಬರೆದುಕೊಳ್ಳುತ್ತಾರೆ" ಎಂದು ನಾವೇ ತೀರ್ಮಾನಿಸಬಾರದು, ವೈದ್ಯರನ್ನು ಕೇಳಬೇಕು.

ಇಷ್ಟನ್ನು ಒಮ್ಮೆ ಎಲ್ಲರಿಗೂ ವಿವರವಾಗಿ ತಿಳಿಸಿಬಿಟ್ಟರೆ "ಯಾವಾಗ" ಎಂಬ ಪ್ರಶ್ನೆ ಅರ್ಧ ಕಡಿಮೆಯಾಗುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಕಾಳಜಿಯಿಂದಲೇ ಕೇಳುತ್ತಾರೆ. ಅವರಿಗೆ ಗೊತ್ತಿಲ್ಲ, ಅಷ್ಟೇ.

ಮುಚ್ಚಿಡುವುದೇ, ಹೇಳುವುದೇ?

ನಮ್ಮ ಮನೆಗಳಲ್ಲಿ ಕಾಯಿಲೆಯನ್ನು ಮುಚ್ಚಿಡುವ ಅಭ್ಯಾಸ ಬಹಳ. ಮಗಳಿಗೆ ಸಂಬಂಧ ನೋಡುತ್ತಿದ್ದರೆ ತಾಯಿಯ ಡಯಾಲಿಸಿಸ್ ಬಗ್ಗೆ ಬಾಯಿ ಬಿಡುವುದಿಲ್ಲ. ವಂಶದ ಕಾಯಿಲೆ ಎಂದುಕೊಂಡಾರು ಎಂಬ ಭಯ. ಈ ಭಯ ಸುಮ್ಮನೆ ಹುಟ್ಟಿದ್ದಲ್ಲ, ಹಾಗೆ ಆಡಿಕೊಳ್ಳುವವರು ನಮ್ಮ ನಡುವೆಯೇ ಇದ್ದಾರೆ. ಆದರೆ ವಾರಕ್ಕೆ ಮೂರು ದಿನ ಬೆಳಗ್ಗೆಯೇ ಆಸ್ಪತ್ರೆಗೆ ಹೊರಡುವ ಮನೆಯ ವಿಷಯ ಎಷ್ಟು ದಿನ ಮುಚ್ಚಿಟ್ಟೀತು? ನಾವು ಹೇಳದಿದ್ದರೆ ಊಹೆ ಹೇಳುತ್ತದೆ. ಊಹೆ ಯಾವಾಗಲೂ ನಿಜಕ್ಕಿಂತ ಕೆಟ್ಟದಾಗಿರುತ್ತದೆ.

ಹಾಗೆಂದು ಎಲ್ಲವನ್ನೂ ಎಲ್ಲರಿಗೂ ಹೇಳಬೇಕಾಗಿಲ್ಲ. ಎಷ್ಟು ಹೇಳಬೇಕು, ಯಾರಿಗೆ ಹೇಳಬೇಕು ಎಂದು ತೀರ್ಮಾನಿಸುವ ಹಕ್ಕು ರೋಗಿಯದು. ಕಾಯಿಲೆ ಅವರ ದೇಹದ್ದು. ಅವರು ಚೆನ್ನಾಗಿರುವ ಒಂದು ದಿನ ಪಕ್ಕದಲ್ಲಿ ಕೂತು ಕೇಳಿ: ಅಣ್ಣನಿಗೆ ಎಲ್ಲವನ್ನೂ ಹೇಳಬಹುದೇ? ಮಗಳ ಅತ್ತೆಮನೆಗೆ ಎಷ್ಟು ಹೇಳಲಿ? ಜುಮಾ ನಮಾಝಿನ ಬಳಿಕ ಮಸೀದಿಯಲ್ಲಿ ಹೆಸರು ಹೇಳಿ ದುಆ ಮಾಡಿಸಬಹುದೇ, ಅಥವಾ 'ಒಬ್ಬ ಸಹೋದರಿಗಾಗಿ' ಎಂದರೆ ಸಾಕೇ? ಹಾಸಿಗೆಯಲ್ಲಿರುವ ಫೋಟೋ ಯಾರಿಗಾದರೂ ಕಳಿಸಬಹುದೇ? ಮೂಗಿಗೆ ನಳಿಗೆ ಹಾಕಿಕೊಂಡು, ತಲೆಯ ಮೇಲಿನ ದುಪ್ಪಟ್ಟಾ ಜಾರಿದ ಸ್ಥಿತಿಯಲ್ಲಿ ತೆಗೆದ ಫೋಟೋ ಹತ್ತು ಫೋನುಗಳನ್ನು ಸುತ್ತಿ ಬರುವುದನ್ನು ಯಾವ ಹೆಣ್ಣು ತಾನೇ ಸಹಿಸಿಯಾಳು? ಇಯಾದತ್ತಿಗೆ ಬಂದವರಿಗೂ ಇದನ್ನು ವಿನಯದಿಂದ ಹೇಳಿಬಿಡಬೇಕು.

ಸುದ್ದಿ ಹೇಳುವ ಒಬ್ಬರು

ಈಗ ಮುಖ್ಯ ಮಾತಿಗೆ ಬರೋಣ. ಸುದ್ದಿ ಮುಟ್ಟಿಸಲು ಒಬ್ಬರನ್ನು ನೇಮಿಸಿ. ಆ ಒಬ್ಬರು ರೋಗಿ ಆಗಿರಬಾರದು. ರೋಗಿಯ ಜೊತೆ ಆಸ್ಪತ್ರೆಗೆ ಅಲೆಯುವವರೂ ಆಗದಿದ್ದರೆ ಒಳ್ಳೆಯದು, ಏಕೆಂದರೆ ಅವರ ಕೈ ತುಂಬ ಕೆಲಸವಿರುತ್ತದೆ. ನಾವು ಕಲ್ಪಿಸಿಕೊಂಡ ಮನೆಯಲ್ಲಿ ಗಂಜಾಂನ ಅಣ್ಣನ ಮಗಳು ಕಾಲೇಜು ಓದಿದವಳು ಎಂದುಕೊಳ್ಳಿ. ಫುಪ್ಪುವಿನ ಸುದ್ದಿ ಹೇಳುವ ಕೆಲಸ ಅವಳದು. ಸಮಾಧಾನದ ಸ್ವಭಾವ, ಕೇಳಿದ್ದನ್ನು ಹೆಚ್ಚಿಸದೆ ಕುಗ್ಗಿಸದೆ ಹೇಳುವ ಗುಣ, ಗುಟ್ಟನ್ನು ಗುಟ್ಟಾಗಿಡುವ ಬಾಯಿ, ಈ ಮೂರಿದ್ದರೆ ಸಾಕು. ವಯಸ್ಸು ಮುಖ್ಯವಲ್ಲ.

ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ ಸುದ್ದಿ ಕಳಿಸಲಿ. ಶುಕ್ರವಾರ ಮಗ್ರಿಬ್ ಬಳಿಕ ಎಂದಿಟ್ಟುಕೊಂಡರೆ ಆ ಹೊತ್ತಿಗೆ ದಮ್ಮಾಮ್‌ನಲ್ಲಿ ಇನ್ನೂ ಹಗಲು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಮಗನಿಗೆ ಶುಕ್ರವಾರ ರಜೆಯಿದ್ದರೆ ಓದಲು ಬಿಡುವೂ ಇರುತ್ತದೆ. ವಾರದ ಸುದ್ದಿ ಬಂದೇ ಬರುತ್ತದೆ ಎಂಬ ನಂಬಿಕೆ ಹುಟ್ಟಿದರೆ ಮಧ್ಯದಲ್ಲಿ ಫೋನ್ ಮಾಡುವವರು ತಾವಾಗಿಯೇ ಕಡಿಮೆಯಾಗುತ್ತಾರೆ. ಏನೂ ಬದಲಾಗದ ವಾರದಲ್ಲೂ 'ಏನೂ ಬದಲಾಗಿಲ್ಲ' ಎಂದು ಬರೆಯಬೇಕು. ಸುದ್ದಿ ಬರಲಿಲ್ಲವೆಂದರೆ ದೂರದಲ್ಲಿರುವವರ ಮನಸ್ಸು ಕೆಟ್ಟದ್ದನ್ನೇ ಎಣಿಸುತ್ತದೆ.

ವಾಟ್ಸ್‌ಆ್ಯಪ್ ಗುಂಪು ಮಾಡುವುದಾದರೆ ಅದರಲ್ಲಿ ಬರೆಯುವ ಅವಕಾಶ ಸುದ್ದಿ ಹೇಳುವವರಿಗೆ ಮಾತ್ರ ಇರುವಂತೆ ಮಾಡಬಹುದು. ಇಲ್ಲವಾದರೆ ಒಂದು ಸುದ್ದಿಗೆ ಐವತ್ತು ಉತ್ತರ, ಅದರ ನಡುವೆ ಯಾರೋ ಕಳಿಸಿದ ಗಿಡಮೂಲಿಕೆಯ ಸಲಹೆ, ಹಳೆಯ ವೀಡಿಯೋ, ಎಲ್ಲ ಸೇರಿ ನಿಜವಾದ ಸುದ್ದಿ ಕಳೆದೇಹೋಗುತ್ತದೆ. ನಮ್ಮ ಮಂಡ್ಯ ಕಡೆಯ ಮನೆಗಳಲ್ಲಿ ಮಾತು ಉರ್ದುವಿನಲ್ಲಿ, ಓದು ಕನ್ನಡದಲ್ಲಿ. ಹಿರಿಯರಲ್ಲಿ ಹಲವರಿಗೆ ಎರಡನ್ನೂ ಓದಲು ಬಾರದು. ಅವರಿಗಾಗಿ ಅದೇ ಸುದ್ದಿಯನ್ನು ಮನೆಮಾತಿನಲ್ಲಿ ಒಂದು ನಿಮಿಷದ ಧ್ವನಿಯಾಗಿ ಕಳಿಸಿದರೆ ಕೆ.ಆರ್. ಪೇಟೆಯ ಆಪಾ ಮೊಮ್ಮಗನ ಫೋನಿನಲ್ಲಿ ಕೇಳಿಸಿಕೊಂಡಾರು. ಫೋನೇ ಇಲ್ಲದ ಹೆಂಗಸರಿಗೆ ಯಾರು ಹೋಗಿ ಹೇಳುವುದೆಂದೂ ಮೊದಲೇ ಗೊತ್ತುಮಾಡಿಕೊಳ್ಳಿ.

ಸುದ್ದಿ ಹೀಗಿರಲಿ:

"ಅಸ್ಸಲಾಮು ಅಲೈಕುಮ್. ಈ ವಾರ ಫುಪ್ಪುವಿಗೆ ಮೂರು ಡಯಾಲಿಸಿಸ್ ಆಯಿತು. ಮಂಗಳವಾರ ಸ್ವಲ್ಪ ರಕ್ತದೊತ್ತಡ ಇಳಿದಿತ್ತು, ಸಂಜೆಗೆ ಸರಿಹೋಯಿತು. ಊಟ ಮಾಡುತ್ತಿದ್ದಾರೆ. ಆಸ್ಪತ್ರೆಯಿಂದ ಕರೆ ಬಂದಿಲ್ಲ. ಬಂದರೆ ನಾನೇ ತಿಳಿಸುತ್ತೇನೆ. ಫುಪ್ಪುವಿಗೆ ನೇರವಾಗಿ ಫೋನ್ ಮಾಡುವುದಾದರೆ ಭಾನುವಾರ ಬೆಳಗ್ಗೆ ಹತ್ತರ ಬಳಿಕ ಮಾಡಿ, ಕಾಯಿಲೆಯ ಮಾತು ಬಿಟ್ಟು ಬೇರೆ ಮಾತಾಡಿ. ದುಆ ಮಾಡಿ."

ಇದರಲ್ಲಿ ಆಗಿದ್ದು ಇದೆ, ಆಗದ್ದು ಇದೆ, ಏನು ಮಾಡಬೇಕೆಂಬುದೂ ಇದೆ. 'ಡಾಕ್ಟರ್ ಮುಖ ನೋಡಿದರೆ ಭಯವಾಯಿತು', 'ಮುಂದಿನ ತಿಂಗಳು ಆಗಿಯೇ ಆಗುತ್ತದಂತೆ' ಎಂಬ ಊಹೆಗಳಿಗೆ ಇಲ್ಲಿ ಜಾಗವಿಲ್ಲ. ಕೊನೆಯ ಸಾಲಿಗೆ ಮುಂಚಿನ ಮಾತನ್ನೂ ಗಮನಿಸಿ. ಸುದ್ದಿಯ ಭಾರ ಇಳಿದ ಮೇಲೆ ರೋಗಿಗೆ ತನ್ನವರ ಜೊತೆ ಮಗಳ ಅಡುಗೆಯ ಬಗ್ಗೆ, ಮೊಮ್ಮಗುವಿನ ಹಲ್ಲಿನ ಬಗ್ಗೆ, ಮನೆ ಮುಂದಿನ ಕರಿಬೇವಿನ ಗಿಡದ ಬಗ್ಗೆ ಮಾತಾಡಲು ಉಸಿರು ಸಿಗುತ್ತದೆ. ಕಾಯುವ ದಿನಗಳಲ್ಲಿ ಅದು ಔಷಧಿಯಷ್ಟೇ ಬೇಕಾದದ್ದು.

ಸುದ್ದಿ ಹೇಳುವುದು ಬೇರೆ, ಅಂಗ ಕೇಳುವುದು ಬೇರೆ

ಇಲ್ಲಿ ಒಂದು ಎಚ್ಚರಿಕೆ. 'ಕಿಡ್ನಿ ಬೇಕಾಗಿದೆ' ಎಂಬ ಸುದ್ದಿ ಗುಂಪಿನಲ್ಲಿ ಬಂದ ಕೂಡಲೇ ಎಲ್ಲರ ಕಣ್ಣು ಮನೆಯ ಯಾವುದೋ ಒಂದು ಹೆಣ್ಣಿನ ಕಡೆ ತಿರುಗುತ್ತದೆ. ಗಂಡನಿಗಾದರೆ ಹೆಂಡತಿ, ಮಗನಿಗಾದರೆ ತಾಯಿ, ಅಣ್ಣನಿಗಾದರೆ ತಂಗಿ. ನಮ್ಮ ದೇಶದಲ್ಲಿ ಬದುಕಿರುವಾಗ ಅಂಗ ಕೊಟ್ಟವರಲ್ಲಿ ಹೆಚ್ಚಿನವರು ಹೆಂಗಸರು, ಪಡೆದವರಲ್ಲಿ ಹೆಚ್ಚಿನವರು ಗಂಡಸರು. ಪ್ರೀತಿಯಿಂದ, ತಾನಾಗಿ ಮುಂದೆ ಬಂದು ಕೊಡುವ ತಾಯಿ, ಹೆಂಡತಿಯರ ತ್ಯಾಗ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೂರು ಜನ ನೋಡುತ್ತಿರುವ ಗುಂಪಿನಲ್ಲಿ "ತಂಗಿ ಇದ್ದಾಳಲ್ಲ, ಒಂದೇ ರಕ್ತ" ಎಂದು ಯಾರೋ ಬರೆದಾಗ ಆ ತಂಗಿ ಒಲ್ಲೆ ಎನ್ನುವುದು ಹೇಗೆ? ಅವಳಿಗೆ ಚಿಕ್ಕ ಮಕ್ಕಳಿರಬಹುದು. ಅವಳಿಗೇ ಸಕ್ಕರೆ ಕಾಯಿಲೆ ಇರಬಹುದು. ಅಥವಾ ಅವಳಿಗೆ ಭಯವಿರಬಹುದು, ಅದೂ ಕಾರಣವೇ.

ಕಾನೂನು ಈ ಹೆಣ್ಣಿನ ಪರವಾಗಿದೆ. ಮಾನವ ಅಂಗಗಳ ಕಸಿ ಕಾಯ್ದೆ ಬಂದದ್ದು 1994ರಲ್ಲಿ. 2011ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು, 2014ರಲ್ಲಿ ಹೊಸ ನಿಯಮಗಳು ಬಂದವು. ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು ಮಾತ್ರ ಹತ್ತಿರದ ಸಂಬಂಧಿಕರು. ಇವರ ಹೊರಗಿನವರು ಕೊಡುವುದಾದರೆ ಅಧಿಕೃತ ಸಮಿತಿಯ ಅನುಮತಿ ಬೇಕು. ದಾನಿ ಹೆಣ್ಣಾಗಿದ್ದರೆ ಹೆಚ್ಚಿನ ಎಚ್ಚರ ವಹಿಸಬೇಕು, ಅವಳ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವರನ್ನು ಬಿಟ್ಟು ಬೇರೊಬ್ಬರು ದೃಢಪಡಿಸಬೇಕು ಎಂದು ನಿಯಮವೇ ಹೇಳುತ್ತದೆ. ಅಂಗ ಮಾರುವುದು, ಕೊಳ್ಳುವುದು, ಅದಕ್ಕೆ ದಲ್ಲಾಳಿಯಾಗುವುದು ಅಪರಾಧ. 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. 'ಕಿಡ್ನಿ ಕೊಡಿಸುತ್ತೇವೆ' ಎಂಬ ಕರೆ ಬಂದರೆ ಉತ್ತರಿಸದೆ ಆಸ್ಪತ್ರೆಯ ಕಸಿ ಸಂಯೋಜಕರಿಗೆ ತಿಳಿಸಿ.

ಆದ್ದರಿಂದ ವಾರದ ಸುದ್ದಿಯಲ್ಲಿ ಅಂಗದ ಬೇಡಿಕೆ ಬೇಡ. ಯಾರಾದರೂ ತಾವಾಗಿ ಮುಂದೆ ಬಂದರೆ ಅವರು ನೇರವಾಗಿ ಆಸ್ಪತ್ರೆಯವರೊಡನೆ ಮಾತಾಡಲಿ. ಪರೀಕ್ಷೆ ನಡೆಯುತ್ತಿರುವುದು ಊರಿಗೆಲ್ಲ ತಿಳಿಯಬೇಕಾಗಿಲ್ಲ. ಅವರು ಮನಸ್ಸು ಬದಲಿಸಿದರೆ ಏಕೆಂದು ಕೇಳಬಾರದು. ಆಪರೇಷನ್ ಕೋಣೆಯ ಬಾಗಿಲವರೆಗೂ ಒಲ್ಲೆ ಎನ್ನುವ ಹಕ್ಕು ದಾನಿಗಿದೆ.

"ಇದು ಧರ್ಮದಲ್ಲಿ ಸರಿಯೇ?" ಎಂಬ ಪ್ರಶ್ನೆಯೂ ಯಾರಿಂದಲೋ ಬಂದೇ ಬರುತ್ತದೆ. ಇಸ್ಲಾಮೀ ಸಹಕಾರ ಸಂಘಟನೆಯ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1988ರಲ್ಲಿ ಜಿದ್ದಾದಲ್ಲಿ ಸೇರಿ, ದಾನಿಯ ಜೀವಕ್ಕೆ ಅಪಾಯವಿರಬಾರದು, ಒಪ್ಪಿಗೆ ಇರಬೇಕು, ಮಾರಾಟವಾಗಬಾರದು ಎಂಬಂತಹ ಶರತ್ತುಗಳೊಂದಿಗೆ ಅಂಗ ಕಸಿಗೆ ಅನುಮತಿ ಇದೆಯೆಂದು ನಿರ್ಣಯಿಸಿತು. ನಮ್ಮ ಉಪಖಂಡದ ಕೆಲವು ಉಲಮಾಗಳ ಅಭಿಪ್ರಾಯ ಬೇರೆ ಇದೆ. ಮನೆಯವರು ತಾವು ನಂಬುವ ವಿದ್ವಾಂಸರನ್ನು ಆರಂಭದಲ್ಲೇ ಕೇಳಿ ತೀರ್ಮಾನ ಮಾಡಿಕೊಳ್ಳಬೇಕು. ರೋಗಿಯ ಹಾಸಿಗೆಯ ಪಕ್ಕ ಇದರ ಚರ್ಚೆ ಆಗಬಾರದು. ಅಲ್ಲಿ ಬಂದವರು ಗುಣವಾಗಲೆಂದು ದುಆ ಮಾಡಿ ಏಳಬೇಕು.

ಬರುವವರಿಗೆ ನಾಲ್ಕು ಮಾತು

ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗಬಾರದು ಎಂಬುದು ನಮ್ಮ ಪದ್ಧತಿ. ಮಂಡ್ಯ ಸೀಮೆಯಲ್ಲಂತೂ ಹೆದ್ದಾರಿಯ ಬದಿಯಲ್ಲಿ ರಾಶಿ ಬಿದ್ದಿರುವ ಎಳನೀರೇ ಮೊದಲ ನೆನಪು. ಆದರೆ ಕಿಡ್ನಿ ಕೆಟ್ಟವರಿಗೆ ಎಳನೀರು ಅಪಾಯ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ಅದನ್ನು ಹೊರಹಾಕಲಾರದಾಗ ಅದು ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಹುದು. ಬಾಳೆಹಣ್ಣು, ಕಿತ್ತಳೆ, ಹಣ್ಣಿನ ರಸ, ರಮಝಾನ್‌ನಲ್ಲಿ ಪ್ರೀತಿಯಿಂದ ತರುವ ಖರ್ಜೂರ, ಇವಕ್ಕೂ ಇದೇ ಮಾತು. ನೀರನ್ನೂ ಅವರು ಅಳೆದು ಕುಡಿಯುವವರು. "ಒಂದು ಲೋಟ ಶರಬತ್ತಿನಿಂದ ಏನಾಗುತ್ತದೆ" ಎಂಬ ಒತ್ತಾಯ ಅವರನ್ನು ನಡುರಾತ್ರಿ ಆಸ್ಪತ್ರೆಗೆ ಕಳಿಸಬಹುದು.

ಇದನ್ನು ರೋಗಿಯೇ ಹೇಳಿದರೆ ತಂದವರಿಗೆ ಮುಜುಗರ, ಅವರಿಗೂ ಸಂಕಟ. ಸುದ್ದಿ ಹೇಳುವವರು ಮೊದಲೇ ಹೇಳಿಬಿಟ್ಟರೆ ಯಾರಿಗೂ ನೋವಿಲ್ಲ: "ಫುಪ್ಪುವನ್ನು ನೋಡಲು ಬರುವವರು ಹಣ್ಣು, ಎಳನೀರು ತರಬೇಡಿ. ಡಯಾಲಿಸಿಸ್ ದಿನ ಮಧ್ಯಾಹ್ನ ಮಕ್ಕಳಿಗೆ ಊಟ ಕಳಿಸಿದರೆ ದೊಡ್ಡ ಉಪಕಾರ. ಶೀತ, ಜ್ವರ ಇರುವವರು ಗುಣವಾದ ಮೇಲೆ ಬನ್ನಿ."

ಕೊನೆಯ ಮಾತು ಬಹಳ ಮುಖ್ಯ. ಕಾಯುತ್ತಿರುವವರಿಗೆ ಸೋಂಕು ತಗುಲಿದರೆ, ಅಂಗ ಸಿಕ್ಕರೂ ಆಪರೇಷನ್ ಮಾಡಲಾಗದೆ ಅದು ಬೇರೆಯವರಿಗೆ ಹೋಗಬಹುದು. ಕಸಿ ಆದ ಮೇಲಂತೂ ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಕೊಡುತ್ತಾರೆ. ಮೊದಲ ಕೆಲವು ತಿಂಗಳು ಸಣ್ಣ ನೆಗಡಿಯೂ ದೊಡ್ಡ ಅಪಾಯ. ಆಗ ನೆಂಟರಿಷ್ಟರು ಗುಂಪಾಗಿ ಬರದಂತೆ ನೋಡಿಕೊಳ್ಳಬೇಕು. ಆಪರೇಷನ್ ಆದ ದಿನ ಇದನ್ನು ಹೇಳಿದರೆ "ನಮ್ಮನ್ನು ದೂರ ಇಟ್ಟರು" ಎಂದು ಮುನಿಸು. ಕಾಯುವ ದಿನಗಳಲ್ಲೇ ಎರಡು ಮೂರು ಸಲ ಹೇಳಿಟ್ಟರೆ ಅರ್ಥವಾಗುತ್ತದೆ.

ಕರೆ ಬಂದ ರಾತ್ರಿ

ಆಸ್ಪತ್ರೆಯ ಕರೆ ಹಗಲೂ ಬರಬಹುದು, ನಡುರಾತ್ರಿಯೂ ಬರಬಹುದು. ದೇಹದಿಂದ ತೆಗೆದ ಹೃದಯವನ್ನು ಸಾಮಾನ್ಯವಾಗಿ 4ರಿಂದ 6 ಗಂಟೆಯೊಳಗೆ ಕಸಿ ಮಾಡಬೇಕು. ಲಿವರಿಗೆ ಸುಮಾರು 12 ಗಂಟೆ, ಕಿಡ್ನಿಗೆ ಅದಕ್ಕಿಂತ ಹೆಚ್ಚು ಸಮಯವಿದ್ದರೂ ಬೇಗ ಆದಷ್ಟೂ ಒಳ್ಳೆಯದು. ಕರೆಗೆ ಉತ್ತರ ಸಿಗದಿದ್ದರೆ ಅವರು ಮುಂದಿನವರನ್ನು ಕರೆಯುತ್ತಾರೆ. ಆದ್ದರಿಂದ ಆಸ್ಪತ್ರೆಗೆ ಒಂದರ ಬದಲು ಎರಡು ಮೂರು ನಂಬರು ಕೊಟ್ಟಿರಬೇಕು. ಆ ಫೋನುಗಳು ಯಾವಾಗಲೂ ಚಾರ್ಜ್ ಆಗಿರಬೇಕು, ಹರಟೆಯಲ್ಲಿ ಸಿಕ್ಕಿಕೊಂಡಿರಬಾರದು. ಬಂಧುಗಳ ಕರೆ ಕಡಿಮೆಯಾಗಬೇಕೆಂದು ಹೇಳಲು ಇದೂ ಒಂದು ಕಾರಣ. ಶ್ರೀರಂಗಪಟ್ಟಣದವರಿಗೆ ಮೈಸೂರು ಹತ್ತಿರ. ನಾಗಮಂಗಲ, ಕೆ.ಆರ್. ಪೇಟೆಯ ಹಳ್ಳಿಯವರು ರಾತ್ರಿ ಹೊತ್ತು ಬಸ್ಸನ್ನು ನಂಬಿ ಕೂರುವಂತಿಲ್ಲ. ಯಾರ ವಾಹನ, ಯಾರು ಓಡಿಸುವವರು, ಅವರಿಲ್ಲದಿದ್ದರೆ ಯಾರು, ಮನೆಯಲ್ಲಿ ಮಕ್ಕಳ ಜೊತೆ ಯಾರು ಎಂಬುದು ಇವತ್ತೇ ತೀರ್ಮಾನವಾಗಿರಲಿ. ಫೈಲು, ಆಧಾರ್, ಪಡಿತರ ಚೀಟಿ, ಔಷಧಿ, ಎರಡು ಜೊತೆ ಬಟ್ಟೆ ಒಂದು ಚೀಲದಲ್ಲಿ ಸಿದ್ಧವಿರಲಿ.

ಕರೆ ಬಂತೆಂದರೆ ಕಸಿ ಆಯಿತೆಂದು ಅರ್ಥವಲ್ಲ. ಒಂದು ಕಿಡ್ನಿಗೆ ಕೆಲವೊಮ್ಮೆ ಇಬ್ಬರು ಮೂವರನ್ನು ಕರೆಸಿ ರಕ್ತ ಪರೀಕ್ಷೆ ಮಾಡುತ್ತಾರೆ. ಹೊಂದದಿದ್ದರೆ, ಅಥವಾ ಅಂಗವೇ ಸರಿಯಿಲ್ಲವೆಂದು ಕಂಡರೆ, ಬೆಳಗಾಗುವ ಹೊತ್ತಿಗೆ ಬರಿಗೈಯಲ್ಲಿ ವಾಪಸ್. ಆಗ ಊರಿಗೆಲ್ಲ 'ಆಪರೇಷನ್ ಆಗುತ್ತಿದೆ' ಎಂದು ಸಾರಿಬಿಟ್ಟಿದ್ದರೆ ಮರುದಿನ ಪ್ರತಿಯೊಬ್ಬರಿಗೂ ಆಗಲಿಲ್ಲ ಎಂದು ಹೇಳುವ ನೋವು ಆ ಬಳಲಿದ ಜೀವಕ್ಕೆ. ಅದಕ್ಕೇ ಆ ರಾತ್ರಿ ತಿಳಿಯಬೇಕಾದವರು ಮೂರು ನಾಲ್ಕು ಮಂದಿ ಮಾತ್ರ: ವಾಹನ ತರುವವರು, ಮಕ್ಕಳನ್ನು ನೋಡಿಕೊಳ್ಳುವವರು, ಸುದ್ದಿ ಹೇಳುವವರು, ದೂರದಲ್ಲಿರುವ ಮಗ. ರೋಗಿಯನ್ನು ಆಪರೇಷನ್ ಕೋಣೆಯೊಳಗೆ ಕರೆದೊಯ್ದ ಮೇಲೆ ಉಳಿದವರಿಗೆ ಸುದ್ದಿ ಹೋಗಲಿ.

ಆ ಸುದ್ದಿ ಬರೆಯುವಾಗ ಇನ್ನೊಂದು ಮನೆಯನ್ನು ನೆನೆಯಬೇಕು. ಮೃತ ದಾನಿಯಿಂದ ಅಂಗ ಬಂದಿದ್ದರೆ, ನಮ್ಮ ಮನೆಯಲ್ಲಿ ಆಸೆ ಹುಟ್ಟಿದ ಅದೇ ರಾತ್ರಿ ಎಲ್ಲೋ ಒಂದು ಮನೆಯವರು ತಮ್ಮ ಮಗನನ್ನೋ ಮಗಳನ್ನೋ ಕಳೆದುಕೊಂಡಿದ್ದಾರೆ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೆಂಗಳೂರಿನಲ್ಲಿ ಬೈಕ್ ಅಪಘಾತಕ್ಕೀಡಾಗಿ ಅವರ ಮೆದುಳು ನಿಷ್ಕ್ರಿಯವಾದಾಗ, ಅಂಥ ದುಃಖದ ನಡುವೆಯೂ ಮನೆಯವರು ಅಂಗದಾನಕ್ಕೆ ಒಪ್ಪಿದ್ದನ್ನು ಕನ್ನಡಿಗರೆಲ್ಲ ಕಂಡರು. ದಾನಿ ಯಾರು, ಯಾವ ಊರು, ಯಾವ ಜಾತಿ ಎಂದು ಕೆದಕಬಾರದು, ಊಹಿಸಿ ಬರೆಯಲೂ ಬಾರದು. "ಅಂಗ ಕೊಟ್ಟ ಆ ಮನೆಯವರಿಗೆ ಸಬ್ರ್ ಸಿಗಲೆಂದು ದುಆ ಮಾಡಿ" ಎಂಬ ಒಂದು ಸಾಲು ಇದ್ದರೆ ಸಾಕು.

ಹಣದ ಮಾತು

ಕಸಿಯ ಖರ್ಚು ಲಕ್ಷಗಳಲ್ಲಿ. ಮೊದಲು ಸರಕಾರದ ನೆರವನ್ನು ವಿಚಾರಿಸಿ. ಬಿಪಿಎಲ್ ಕುಟುಂಬಗಳ ಅಂಗ ಕಸಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ನೆರವು ಸಿಗುತ್ತದೆ. ಯಾವ ಆಸ್ಪತ್ರೆಯಲ್ಲಿ, ಎಷ್ಟು ಎಂಬುದನ್ನು ಆಸ್ಪತ್ರೆಯ ಆರೋಗ್ಯ ಮಿತ್ರರೇ ಹೇಳುತ್ತಾರೆ. ಆ ಬಳಿಕವೂ ಸಾಲದೆ ಝಕಾತ್, ಸದಕಾ ಕೇಳಬೇಕಾಗಿ ಬಂದರೆ, ಹಣದ ಕೋರಿಕೆಯನ್ನು ವಾರದ ಸುದ್ದಿಯ ಜೊತೆ ಬೆರೆಸಬೇಡಿ. ಪ್ರತಿ ಸುದ್ದಿಯ ಕೊನೆಗೆ ಖಾತೆಯ ನಂಬರು ಇದ್ದರೆ ಜನ ಸುದ್ದಿ ತೆರೆಯುವುದನ್ನೇ ಬಿಡುತ್ತಾರೆ. ಕೋರಿಕೆ ಪ್ರತ್ಯೇಕವಿರಲಿ, ಅದರ ಮೇಲೆ ತಾರೀಕು ಇರಲಿ, ಸಾಧ್ಯವಾದರೆ ಹಣ ನೇರ ಆಸ್ಪತ್ರೆಗೇ ಹೋಗಲಿ. ಬೇಕಾದಷ್ಟು ಸೇರಿದ ದಿನ 'ಸಾಕು, ಇನ್ನು ಕಳಿಸಬೇಡಿ, ಅಲ್ಲಾಹನು ನಿಮಗೆ ಪ್ರತಿಫಲ ನೀಡಲಿ' ಎಂದು ಬರೆಯಿರಿ. ತಾರೀಕು ಇಲ್ಲದ ಸಂದೇಶ, ರೋಗಿ ಗುಣವಾಗಿಯೋ ತೀರಿಹೋಗಿಯೋ ವರ್ಷಗಳಾದ ಮೇಲೂ ಫೋನಿನಿಂದ ಫೋನಿಗೆ ಸುತ್ತುತ್ತಲೇ ಇರುತ್ತದೆ.

ಮಕ್ಕಳಿಗೆ, ಹಿರಿಯರಿಗೆ

ಮನೆಯ ಮಕ್ಕಳನ್ನು ಮರೆಯಬೇಡಿ. ದೊಡ್ಡವರು ಪಿಸುಗುಟ್ಟುವುದನ್ನು ಕೇಳಿ ಅವು ಒಳಗೊಳಗೇ ಹೆದರುತ್ತವೆ. "ಅಮ್ಮಿಯ ಹೊಟ್ಟೆಯೊಳಗೆ ರಕ್ತ ಶುದ್ಧ ಮಾಡುವ ಭಾಗ ಕೆಟ್ಟಿದೆ. ಈಗ ಯಂತ್ರ ಆ ಕೆಲಸ ಮಾಡುತ್ತದೆ. ಹೊಸದು ಸಿಕ್ಕರೆ ಡಾಕ್ಟರ್ ಹಾಕುತ್ತಾರೆ, ಯಾವಾಗ ಸಿಗುತ್ತದೆಂದು ಗೊತ್ತಿಲ್ಲ" ಎಂದರೆ ಏಳು ವರ್ಷದ ಮಗುವಿಗೂ ತಿಳಿಯುತ್ತದೆ. ತುಂಬ ವಯಸ್ಸಾದ ನಾನಿಗೆ, ದಾದಿಗೆ ಎಲ್ಲ ವಿವರ ಬೇಡವಾದರೆ ಬಿಡಿ, ಆದರೆ ಸುಳ್ಳು ಹೇಳಬೇಡಿ. ನಾಳೆ ನಿಜ ತಿಳಿದಾಗ ಮುಂದೆ ನೀವು ಹೇಳುವ ಒಳ್ಳೆಯ ಸುದ್ದಿಯನ್ನೂ ಅವರು ನಂಬರು.

ಎಲ್ಲ ಕಾಯುವಿಕೆಯೂ ನಾವು ಬಯಸಿದಂತೆ ಮುಗಿಯುವುದಿಲ್ಲ. ಕೆಲವರು ಕಾಯುತ್ತಲೇ ಕಣ್ಣು ಮುಚ್ಚುತ್ತಾರೆ. ಕೆಲವರ ದೇಹ ಆಪರೇಷನ್ ತಾಳದಷ್ಟು ಸೊರಗಿ ಪಟ್ಟಿಯಿಂದ ಹೆಸರು ತೆಗೆಯಬೇಕಾಗುತ್ತದೆ. ಅಂಥ ಸುದ್ದಿಯನ್ನು ಗುಂಪಿಗೆ ಬರೆಯುವ ಮೊದಲು ಹತ್ತಿರದವರಿಗೆ ಫೋನ್ ಮಾಡಿ, ಸಾಧ್ಯವಾದರೆ ಎದುರು ಕೂತು ಹೇಳಬೇಕು. ಗಂಡನಿಗೆ, ಮಗಳಿಗೆ, ಅಕ್ಕನಿಗೆ ಅದು ಫೋನಿನ ಪರದೆಯ ಮೇಲೆ ಅಕ್ಷರವಾಗಿ ತಲುಪಬಾರದು. ಅಷ್ಟೂ ದಿನ ಇದ್ದದ್ದನ್ನು ಇದ್ದಂತೆ ಹೇಳುತ್ತ ಬಂದ ಮನೆಯಲ್ಲಿ ಆ ಕಡೆಯ ಮಾತನ್ನು ಹೇಳುವುದೂ ಕೇಳುವುದೂ ಸ್ವಲ್ಪವಾದರೂ ಹಗುರವಾಗುತ್ತದೆ.

ನಿಮ್ಮ ಬಂಧುಗಳಲ್ಲಿ ಯಾರಾದರೂ ಹೀಗೆ ಕಾಯುತ್ತಿದ್ದರೆ ಇಂದು ಅವರಿಗೆ "ಯಾವಾಗ" ಎಂದು ಕೇಳಲು ಫೋನ್ ಮಾಡಬೇಡಿ. ಅವರ ಮನೆಯ ಇನ್ನೊಬ್ಬರಿಗೆ ಮಾಡಿ. "ನಿಮ್ಮಲ್ಲಿ ಸುದ್ದಿ ಹೇಳುವವರು ಯಾರು? ಯಾರೂ ಇಲ್ಲವಾದರೆ ಆ ಕೆಲಸ ನಾನು ಮಾಡಲೇ?" ಎಂದು ಕೇಳಿ.